ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ: ಕಡಲೆ ಕಾಳಿನ ನೆರಳು ಮತ್ತು ಏಳು ಗ್ರಹಗಳು

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬೇರೊಂದು ಪ್ರಶ್ನೆಗೆ ಉತ್ತರಿಸುತ್ತ, ‘ಟ್ರಾಪಿಸ್ಟ್–1 ಎಂಬ ನಕ್ಷತ್ರವನ್ನು ಹೆಚ್ಚುಕಡಿಮೆ ಭೂಮಿಯಷ್ಟೇ ಗಾತ್ರದ ಏಳು ಗ್ರಹಗಳು ಸುತ್ತುತ್ತಿವೆ’ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಆ ಸಾಲನ್ನು ಹಿಡಿದು ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಹೀಗಾಗಿ ಈ ಸಲದ ಅಂಕಣವನ್ನು ಪೂರ್ತಿ ಆ ಒಂದು ನಕ್ಷತ್ರಕ್ಕೇ ಬಿಟ್ಟುಕೊಟ್ಟಿದ್ದೇನೆ.

ಮೊದಲಿಗೆ ಒಂದು ಪದದ ಮಾತು. ಸೂರ್ಯನನ್ನಲ್ಲದೆ ಬೇರೆ ನಕ್ಷತ್ರವನ್ನು ಸುತ್ತುವ ಗ್ರಹವನ್ನು ಕನ್ನಡದಲ್ಲಿ ಕೆಲವರು ಸೌರಾತೀತ ಗ್ರಹ ಎನ್ನುತ್ತಾರೆ, ಕೆಲವರು ಬಾಹ್ಯಗ್ರಹ ಎನ್ನುತ್ತಾರೆ. ಪತ್ರಿಕೆಗಳಲ್ಲಿ ‘ಅನ್ಯಗ್ರಹ’ ಎಂದೂ ಬರುತ್ತದೆ, ಆದರೆ ಆ ಪದ ಕಿವಿಗೆ ಬಿದ್ದ ಕೂಡಲೇ ಮನಸ್ಸು ಹಾರುವ ತಟ್ಟೆಯ ಕಡೆಗೆ ಓಡುತ್ತದೆ. ನನಗೆ ‘ಹೊರಗ್ರಹ’ ಎಂಬುದು ಹಗುರವಾಗಿ, ನೇರವಾಗಿ ತೋರುವುದರಿಂದ ಇಲ್ಲಿ ಅದನ್ನೇ ಬಳಸುತ್ತೇನೆ.

ಪ್ರಶ್ನೆ: ಯಾವ ದೂರದರ್ಶಕದಲ್ಲೂ ಕಣ್ಣಿಗೆ ಬೀಳದ ಗ್ರಹವನ್ನು ‘ಇದೆ’ ಎಂದು ಹೇಳುವುದು ಒಂದು ರೀತಿಯ ನಂಬಿಕೆಯೇ ಆಗಲಿಲ್ಲವೇ? ನನ್ನ ವಿದ್ಯಾರ್ಥಿಗಳು ಹೀಗೆ ಕೇಳಿದಾಗ ಉತ್ತರ ಹೊಳೆಯಲಿಲ್ಲ. ತರಗತಿಯಲ್ಲಿ ಮಾಡಿ ತೋರಿಸಬಹುದಾದ ಉಪಾಯವಿದ್ದರೆ ತಿಳಿಸಿ.
— ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ, ಜಮಖಂಡಿ

ಉತ್ತರ: ನಿಮ್ಮ ವಿದ್ಯಾರ್ಥಿಗಳು ಸರಿಯಾದ ಕಡೆಗೇ ಬೆರಳು ಇಟ್ಟಿದ್ದಾರೆ. ಟ್ರಾಪಿಸ್ಟ್–1ರ ಏಳು ಗ್ರಹಗಳಲ್ಲಿ ಒಂದನ್ನೂ ಇದುವರೆಗೆ ಯಾರೂ ಚುಕ್ಕೆಯಾಗಿ ಕೂಡ ನೋಡಿಲ್ಲ. ಪತ್ರಿಕೆಗಳಲ್ಲಿ ಬಂದ ನೀಲಿ, ಕಂದು ಬಣ್ಣದ ಗೋಳಗಳ ಚಿತ್ರಗಳೆಲ್ಲ ಕಲಾವಿದರ ಕಲ್ಪನೆ. ನಮ್ಮ ಬಳಿ ಇರುವುದು ನಕ್ಷತ್ರದ ಬೆಳಕಿನ ಲೆಕ್ಕ ಮಾತ್ರ. ಗ್ರಹದ ಕಕ್ಷೆ ನಮ್ಮ ದೃಷ್ಟಿಗೆ ನೇರವಾಗಿ ಅಡ್ಡ ಬರುವಂತಿದ್ದರೆ, ಪ್ರತಿ ಸುತ್ತಿನಲ್ಲೂ ಒಮ್ಮೆ ಆ ಗ್ರಹ ನಕ್ಷತ್ರದ ಮುಖದ ಮೇಲೆ ಹಾದುಹೋಗುತ್ತದೆ ಮತ್ತು ಹಾದುಹೋಗುವಷ್ಟು ಹೊತ್ತು ಒಂದಿಷ್ಟು ಬೆಳಕನ್ನು ಮರೆಮಾಡುತ್ತದೆ. ಇದನ್ನು ಸಂಕ್ರಮಣ ಎನ್ನುತ್ತಾರೆ (ಎಳ್ಳು ಬೆಲ್ಲದ ಸಂಕ್ರಮಣವಲ್ಲ). 2012ರ ಜೂನ್ 6ರ ಬೆಳಗ್ಗೆ ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋದದ್ದನ್ನು ಸೌರ ಕನ್ನಡಕ ಹಾಕಿಕೊಂಡು ನೋಡಿದವರು ನಿಮ್ಮ ಊರಿನಲ್ಲೂ ಇದ್ದಾರು. ಅಂದು ಕಂಡ ಆ ಕರಿಯ ಬೊಟ್ಟೇ ಇಲ್ಲಿಯೂ ಇದೆ, ಆದರೆ ನಕ್ಷತ್ರವೇ ಒಂದು ಚುಕ್ಕೆಯಾದ್ದರಿಂದ ಬೊಟ್ಟು ಕಾಣುವುದಿಲ್ಲ, ಬೆಳಕು ಕುಂದಿದ್ದು ಮಾತ್ರ ತಿಳಿಯುತ್ತದೆ.

ಮಾಡಿ ತೋರಿಸುವ ಉಪಾಯವನ್ನು ನಾನೇ ಮನೆಯಲ್ಲಿ ಪರೀಕ್ಷಿಸಿ ಬರೆಯುತ್ತಿದ್ದೇನೆ. ಸುಮಾರು 10 ಸೆಂಟಿಮೀಟರ್ ಅಗಲದ ಬಿಳಿ ಗೋಲಾಕಾರದ ಬಲ್ಬನ್ನು ಕತ್ತಲೆ ಕೋಣೆಯಲ್ಲಿ ಹೊತ್ತಿಸಿಟ್ಟು, ಬೆಳಕನ್ನು ಅಳೆಯುವ ಆ್ಯಪ್ ಹಾಕಿಕೊಂಡ ಮೊಬೈಲನ್ನು ಎದುರಿಗೆ ಒಂದೆರಡು ಮಾರು ದೂರದಲ್ಲಿ ಅಲುಗಾಡದಂತೆ ನಿಲ್ಲಿಸಿದೆ. ಒಂದು ಕಡಲೆ ಕಾಳನ್ನು ಕರಿಯ ಮಸಿಯಿಂದ ಬಳಿದು, ಸಣ್ಣ ತಂತಿಯ ತುದಿಗೆ ಮೇಣದಿಂದ ಅಂಟಿಸಿ, ಬಲ್ಬಿಗೆ ತಾಗಿಯೂ ತಾಗದಂತೆ ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ಸರಿಸಿದೆ. ಮೊಬೈಲಿನ ಅಂಕಿ ಸುಮಾರು 400 ಇದ್ದದ್ದು ಮೂರರಷ್ಟು ಇಳಿದು ಕಾಳು ದಾಟಿದ ಮೇಲೆ ಮತ್ತೆ ಏರಬೇಕಿತ್ತು. ಆದರೆ ಮೊದಲ ಸಂಜೆ ಅಂಕಿ ತನ್ನಷ್ಟಕ್ಕೆ ತಾನೇ ಹತ್ತು ಹದಿನೈದು ಮೇಲೆ ಕೆಳಗೆ ಕುಣಿಯುತ್ತಿತ್ತು. ಕಾಳು ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ನಮ್ಮ ಓಣಿಯ ವಿದ್ಯುತ್ತಿನ ಏರಿಳಿತ ಕಡಲೆ ಕಾಳಿನ ನೆರಳಿಗಿಂತ ದೊಡ್ಡದಾಗಿತ್ತು! ಮರುದಿನ ಬ್ಯಾಟರಿಯ ದೀಪಕ್ಕೆ ಅದೇ ಗೋಲವನ್ನು ಕವಿಚಿ ಪ್ರಯೋಗ ಮಾಡಿದಾಗ ಅಂಕಿ ತೆಪ್ಪಗೆ ನಿಂತಿತು ಮತ್ತು ಕಾಳು ಮುಂದೆ ಬಂದಾಗಲೆಲ್ಲ ಮೂರರಷ್ಟು ಕುಸಿಯಿತು. ವಿದ್ಯಾರ್ಥಿಗಳಿಗೆ ಈ ಎರಡೂ ಪ್ರಯೋಗಗಳನ್ನು ತೋರಿಸಿ. ಮೊದಲನೆಯದು ಕೆಟ್ಟದ್ದನ್ನು ಮುಚ್ಚಿಡಬೇಡಿ, ಏಕೆಂದರೆ ಖಗೋಳ ವಿಜ್ಞಾನಿಗಳ ನಿಜವಾದ ಪಡಿಪಾಟಲು ಅದೇ. ಭೂಮಿಯ ಗಾಳಿಯಿಂದ ಬೆಳಕು ಮಿನುಗುತ್ತದೆ, ನಕ್ಷತ್ರದ ಮೇಲಿನ ಕಲೆಗಳು ಅದರ ಜೊತೆಗೇ ತಿರುಗುತ್ತ ಹೊಳಪನ್ನು ಬದಲಿಸುತ್ತವೆ, ಉಪಕರಣವೂ ಬಿಸಿಯಾಗಿ ತಣ್ಣಗಾಗಿ ತಪ್ಪು ಹೇಳುತ್ತದೆ. ಇವೆಲ್ಲವನ್ನೂ ಕಳೆದ ಮೇಲೆ ಉಳಿದ ಕುಸಿತ ಮಾತ್ರ ಗ್ರಹದ್ದು.

ಕಡಲೆ ಕಾಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬಲ್ಬು ಟ್ರಾಪಿಸ್ಟ್–1 ಆದರೆ, ಅದರ ಅತಿ ಸಮೀಪದ ಗ್ರಹ ಸರಿಸುಮಾರು ಕಡಲೆ ಕಾಳಿನ ಗಾತ್ರದ್ದಾಗುತ್ತದೆ ಮತ್ತು ಮರೆಯಾಗುವ ಬೆಳಕು ಶೇಕಡಾ 0.7ರಷ್ಟು. ಅದೇ ಬಲ್ಬನ್ನು ನಮ್ಮ ಸೂರ್ಯ ಎಂದುಕೊಂಡರೆ ಭೂಮಿಗೆ ಒಂದು ಗಸಗಸೆ ಕಾಳನ್ನು ಹಿಡಿಯಬೇಕು. ಆಗ ಮರೆಯಾಗುವುದು ಶೇಕಡಾ 0.0084 ಮಾತ್ರ, ಅದನ್ನು ಯಾವ ಮೊಬೈಲೂ ಹಿಡಿಯಲಾರದು. ಗ್ರಹಗಳ ಗಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸವಿರುವುದು ದೀಪದ ಗಾತ್ರದಲ್ಲಿ. ಟ್ರಾಪಿಸ್ಟ್–1 ಅತ್ಯಂತ ಚಿಕ್ಕ, ತಣ್ಣನೆಯ ಕೆಂಪು ಕುಬ್ಜ ನಕ್ಷತ್ರ. ಅಗಲದಲ್ಲಿ ಸೂರ್ಯನ ಎಂಟನೇ ಒಂದು ಭಾಗ, ಅಂದರೆ ಗುರುಗ್ರಹಕ್ಕಿಂತ ಸ್ವಲ್ಪ ದಪ್ಪ, ಅಷ್ಟೇ. ಬೆಲ್ಜಿಯಂನ ಲೀಜ್ ವಿಶ್ವವಿದ್ಯಾಲಯದ ಮಿಖಾಯೆಲ್ ಗಿಯೋನ್ ಮತ್ತು ಅವರ ತಂಡದವರ ಜಾಣತನವಿದ್ದದ್ದು ಇಲ್ಲಿಯೇ. ಸೂರ್ಯನಂಥ ನಕ್ಷತ್ರಗಳ ಮುಂದೆ ಗಸಗಸೆಯನ್ನು ಹುಡುಕುವುದಕ್ಕೆ ಬಾಹ್ಯಾಕಾಶದಲ್ಲಿ ದುಬಾರಿ ದೂರದರ್ಶಕ ಬೇಕಾಗುತ್ತದೆ. ಅದನ್ನು ಬಿಟ್ಟು, ಬಡಪಾಯಿ ನಕ್ಷತ್ರಗಳ ಮುಂದೆ ಕಡಲೆಯನ್ನು ಹುಡುಕಲು ಅವರು ಚಿಲಿ ದೇಶದ ಲಾ ಸಿಯಾ ಬೆಟ್ಟದ ಮೇಲಿದ್ದ ಬರೀ 60 ಸೆಂಟಿಮೀಟರ್ ಕನ್ನಡಿಯ ದೂರದರ್ಶಕವನ್ನು ಬಳಸಿದರು. ಆ ದೂರದರ್ಶಕದ ಹೆಸರೇ ಟ್ರಾಪಿಸ್ಟ್.

ಪ್ರಶ್ನೆ: ಒಂದು ಗ್ರಹವಾದರೆ ಸರಿ. ಏಳು ಗ್ರಹಗಳು ಒಂದೇ ನಕ್ಷತ್ರವನ್ನು ಬೇರೆ ಬೇರೆ ವೇಗದಲ್ಲಿ ಸುತ್ತುತ್ತಿದ್ದರೆ ಅವುಗಳ ನೆರಳುಗಳು ಕಲಸುಮೇಲೋಗರವಾಗುವುದಿಲ್ಲವೇ? ಯಾವ ಕುಸಿತ ಯಾವ ಗ್ರಹದ್ದು ಎಂದು ಹೇಗೆ ಬಿಡಿಸುತ್ತಾರೆ?
— ತಬಲಾ ಕಲಿಯುತ್ತಿರುವ ಪದವಿ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಕಲಸುಮೇಲೋಗರವಾಗುತ್ತದೆ ಮಾತ್ರವಲ್ಲ, ಮೊದಲ ಸಲ ವಿಜ್ಞಾನಿಗಳೇ ಮೋಸಹೋದರು. 2016ರ ಮೇ ತಿಂಗಳಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ ಇದ್ದದ್ದು ಮೂರೇ ಗ್ರಹಗಳು. ಅದರಲ್ಲಿ ಮೂರನೆಯದರ ಸುತ್ತಿನ ಅವಧಿ ಮಾತ್ರ ನಾಲ್ಕೂವರೆ ದಿನದಿಂದ 73 ದಿನದವರೆಗೆ ಎಷ್ಟಾದರೂ ಇರಬಹುದೆಂಬ ಅಡ್ಡಗೋಡೆಯ ಮೇಲಿನ ದೀಪದಂಥ ಉತ್ತರವಿತ್ತು. ಒಂದೇ ಗ್ರಹದ ಎರಡು ನೆರಳು ಎಂದುಕೊಂಡದ್ದು ನಿಜಕ್ಕೂ ಎರಡು ಬೇರೆ ಗ್ರಹಗಳ ನೆರಳಾಗಿತ್ತು. ಆಮೇಲೆ ಅದೇ ವರ್ಷದ ಸೆಪ್ಟೆಂಬರ್ 19ರಿಂದ ಸುಮಾರು 20 ದಿನ ಸ್ಪಿಟ್ಜರ್ ಎಂಬ ಬಾಹ್ಯಾಕಾಶ ದೂರದರ್ಶಕ ಹೆಚ್ಚುಕಡಿಮೆ ಬಿಡುವಿಲ್ಲದೆ ಆ ಒಂದು ನಕ್ಷತ್ರವನ್ನೇ ದಿಟ್ಟಿಸಿತು. ಸಂಜೆ ಹೊತ್ತು ಒಳಮನೆಯಲ್ಲಿ ಕುಳಿತವರು ಅಂಗಳಕ್ಕೆ ಬರುವ ದನಗಳನ್ನು ಕೊರಳ ಗಂಟೆಯ ದನಿಯಿಂದಲೇ ಎಣಿಸುವುದಿಲ್ಲವೇ, ಹಾಗೆಯೇ. ಒಂದೊಂದು ಗ್ರಹಕ್ಕೂ ತನ್ನದೇ ಆಳದ ಕುಸಿತ, ತನ್ನದೇ ಹೊತ್ತು, ತನ್ನದೇ ಅಂತರ. ಒಳಗಿನಿಂದ ಹೊರಗೆ ಎಣಿಸಿದರೆ ಸುತ್ತಿನ ಅವಧಿಗಳು 1.51, 2.42, 4.05, 6.10, 9.21, 12.35 ಮತ್ತು 18.77 ದಿನ. 2017ರ ಫೆಬ್ರವರಿ 22ರಂದು ಏಳು ಗ್ರಹಗಳ ಸುದ್ದಿ ಹೊರಬಿತ್ತು.

ನೀವು ತಬಲಾ ಕಲಿಯುವವರಾದ್ದರಿಂದ ಮುಂದಿನ ಮಾತು ನಿಮಗೇ ಹೆಚ್ಚು ಹಿಡಿಸೀತು. ಮೇಲಿನ ಏಳು ಅಂಕಿಗಳನ್ನು ಕೈಬೆರಳಲ್ಲಿ ಲೆಕ್ಕ ಹಾಕಿ ನೋಡಿ. ಎಲ್ಲಕ್ಕಿಂತ ಹೊರಗಿನ ಗ್ರಹ ಎರಡು ಸುತ್ತು ಹಾಕುವಷ್ಟರಲ್ಲಿ ಅದರ ಒಳಗಿನದು ಮೂರು, ಅದರೊಳಗಿನದು ನಾಲ್ಕು, ಮುಂದೆ ಆರು, ಒಂಬತ್ತು, ಹದಿನೈದು, ಅತ್ಯಂತ ಒಳಗಿನದು ಇಪ್ಪತ್ನಾಲ್ಕು ಸುತ್ತು, ಕೂದಲೆಳೆಯ ಹೆಚ್ಚುಕಡಿಮೆಯೊಂದಿಗೆ, ಮುಗಿಸಿರುತ್ತವೆ. ತಾಳದ ಒಂದೇ ಆವರ್ತನದೊಳಗೆ ದುಗುಣ್ (ಎರಡು ಪಟ್ಟು ವೇಗ), ತಿಗುಣ್ (ಮೂರು ಪಟ್ಟು), ಆಡಲಯ (ಒಂದೂವರೆ ಪಟ್ಟು) ಎಲ್ಲವನ್ನೂ ಒಟ್ಟಿಗೆ ನುಡಿಸಿದ ಹಾಗೆ. ಇದು ಕಾಕತಾಳೀಯವಲ್ಲ. ಗ್ರಹಗಳು ಹುಟ್ಟುವಾಗ ನಕ್ಷತ್ರದ ಸುತ್ತಲಿದ್ದ ಅನಿಲ ಮತ್ತು ದೂಳಿನ ತಟ್ಟೆಯಲ್ಲಿ ಅವು ನಿಧಾನವಾಗಿ ಒಳಕ್ಕೆ ಸರಿಯುತ್ತ ಬಂದು, ಒಂದರ ಸೆಳೆತಕ್ಕೆ ಇನ್ನೊಂದು ಸಿಕ್ಕಿ ಈ ಲಯದಲ್ಲಿ ಕೂಡಿಕೊಂಡವು ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ.

ಈ ಲಯದಿಂದ ಒದಗಿದ ಪ್ರಯೋಜನ ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಅತ್ಯಂತ ಸುಂದರ ಭಾಗ. ಏಳನೆಯ ಗ್ರಹದ ನೆರಳು ಸ್ಪಿಟ್ಜರ್‌ಗೆ ಒಂದೇ ಒಂದು ಸಲ ಸಿಕ್ಕಿತ್ತು. ಒಂದೇ ಪೆಟ್ಟು ಕೇಳಿ ತಾಳ ಯಾವುದೆಂದು ಹೇಳುವುದು ಸಾಧ್ಯವಿಲ್ಲ. ಆದರೆ ಉಳಿದ ಆರು ಗ್ರಹಗಳ ಲಯ ತಿಳಿದಿದ್ದುದರಿಂದ ಏಳನೆಯದು ಇಂಥ ಕೆಲವೇ ಅವಧಿಗಳಲ್ಲಿ ಇರಬೇಕೆಂದು ಲೆಕ್ಕ ಹಾಕಿದರು, ಅವುಗಳಲ್ಲಿ ಒಂದು ಹದಿನೆಂಟು ದಿನ ಚಿಲ್ಲರೆ. ಬಳಿಕ ಕೆಪ್ಲರ್ ದೂರದರ್ಶಕ ಅದೇ ನಕ್ಷತ್ರವನ್ನು ಎರಡೂವರೆ ತಿಂಗಳು ನೋಡಿದ ದಾಖಲೆಯನ್ನು ತೆರೆದಾಗ, ಸರಿಯಾಗಿ 18.77 ದಿನಕ್ಕೊಮ್ಮೆ ಆ ನೆರಳು ಅಲ್ಲಿ ಬಿದ್ದಿತ್ತು. ನಂಬಿಕೆಗೂ ವಿಜ್ಞಾನಕ್ಕೂ ಇರುವ ಅಂತರ ಕೇಳಿದ ಜಮಖಂಡಿಯ ವಿದ್ಯಾರ್ಥಿಗಳಿಗೆ ಈ ಸಂಗತಿಯನ್ನೂ ಹೇಳಬಹುದು.

ಇನ್ನೊಂದು ಮಾತು. ಗ್ರಹಗಳು ಪರಸ್ಪರ ಎಳೆದಾಡುವುದರಿಂದ ನೆರಳು ನಿಗದಿತ ಹೊತ್ತಿಗಿಂತ ಕೆಲವೊಮ್ಮೆ ಸೆಕೆಂಡುಗಳಷ್ಟು, ಕೆಲವೊಮ್ಮೆ ಅರ್ಧ ಗಂಟೆಗೂ ಹೆಚ್ಚು ಹಿಂದೆ ಮುಂದೆ ಆಗುತ್ತದೆ. ಎಷ್ಟು ತಡವಾಯಿತು ಎಂಬುದರಿಂದ ಪಕ್ಕದ ಗ್ರಹ ಎಷ್ಟು ಭಾರ ಎಂದು ತಿಳಿಯುತ್ತದೆ. ಹೀಗೆ ಕುಸಿತದ ಆಳದಿಂದ ಗಾತ್ರ, ತಡವಾದದ್ದರಿಂದ ತೂಕ ಗೊತ್ತಾಗಿ, ಏಳೂ ಕಲ್ಲಿನ ಗ್ರಹಗಳೇ ಎಂಬುದು ಖಚಿತವಾಗಿದೆ. ಅವುಗಳ ಸಾಂದ್ರತೆ ಭೂಮಿಯದಕ್ಕಿಂತ ತುಸು ಕಡಿಮೆ.

ಪ್ರಶ್ನೆ: ಏಳು ಗ್ರಹಗಳು ಬುಧನ ಕಕ್ಷೆಯೊಳಗೇ ಹಿಡಿಸುತ್ತವೆ ಎಂದು ಓದಿದೆ. ದೂರಗಳನ್ನು ಕಿಲೋಮೀಟರಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ನಮ್ಮೂರಿನ ಅಳತೆಯಲ್ಲಿ ಹೇಳಬಹುದೇ?
— ಕಾಲೇಜು ವಿದ್ಯಾರ್ಥಿನಿ, ವಿಜಯಪುರ

ಉತ್ತರ: ನಿಮ್ಮೂರಿನಲ್ಲಿ ಅದಕ್ಕೆ ತಕ್ಕ ಅಳತೆಗೋಲು ನಿಂತೇ ಇದೆ. ಗೋಳಗುಮ್ಮಟದ ಗುಮ್ಮಟ ಹೊರಗಿನಿಂದ ಸುಮಾರು 44 ಮೀಟರ್ ಅಗಲ. ಅದನ್ನೇ ಸೂರ್ಯ ಎಂದುಕೊಳ್ಳಿ. ಆಗ ಭೂಮಿ 40 ಸೆಂಟಿಮೀಟರಿನ ಒಂದು ಕೊಡ, ಮತ್ತು ಆ ಕೊಡವನ್ನು ಗುಮ್ಮಟದಿಂದ 4.7 ಕಿಲೋಮೀಟರ್ ದೂರ ಒಯ್ದು ಇಡಬೇಕು. ಬುಧ 1.8 ಕಿಲೋಮೀಟರ್ ದೂರದಲ್ಲಿರುತ್ತದೆ. ಈಗ ಗುಮ್ಮಟವನ್ನು ತೆಗೆದು ಆ ಜಾಗದಲ್ಲಿ ಟ್ರಾಪಿಸ್ಟ್–1 ಅನ್ನು ಇಡಿ. ಅದು ಐದು ಮೀಟರ್ ಚಿಲ್ಲರೆ ಅಗಲದ, ಎತ್ತು ಹೂಡಿ ನಿಂತ ಬಂಡಿಯಷ್ಟು ಉದ್ದದ ಒಂದು ಕೆಂಡದ ಉಂಡೆ. ಮೊದಲ ಗ್ರಹ ಅದರಿಂದ 54 ಮೀಟರ್ ದೂರದಲ್ಲಿ, ನಾಲ್ಕನೆಯದು ಸುಮಾರು 140 ಮೀಟರ್ ದೂರದಲ್ಲಿ, ಏಳನೆಯದು 293 ಮೀಟರ್ ದೂರದಲ್ಲಿ. ನಾಲ್ಕು ನಿಮಿಷ ನಡೆದರೆ ಏಳು ಲೋಕಗಳನ್ನೂ ದಾಟಿ ಆಚೆ ಹೋಗಿರುತ್ತೀರಿ. ಏಳರಲ್ಲಿ ಕೆಲವು ದೊಡ್ಡ ಕೊಡ, ಕೆಲವು ಸಣ್ಣ ಬಿಂದಿಗೆ. ಚಿಕ್ಕದು 30 ಸೆಂಟಿಮೀಟರ್, ದೊಡ್ಡವು 45.

ಆದರೆ ಇದೇ ಅಳತೆಯಲ್ಲಿ ನಮಗೂ ಆ ನಕ್ಷತ್ರಕ್ಕೂ ನಡುವಿನ ದೂರ ಹೇಳಿಬಿಡಿ ಎಂದರೆ ಅಳತೆಗೋಲು ಸೋಲುತ್ತದೆ. ಟ್ರಾಪಿಸ್ಟ್–1 ನಮ್ಮಿಂದ ಸುಮಾರು 40.7 ಜ್ಯೋತಿರ್ವರ್ಷ ದೂರದಲ್ಲಿದೆ. ಸೂರ್ಯನನ್ನು ಗೋಳಗುಮ್ಮಟದಷ್ಟಕ್ಕೆ ಕುಗ್ಗಿಸಿದ ಮೇಲೂ ಅದು 1 ಕೋಟಿ 20 ಲಕ್ಷ ಕಿಲೋಮೀಟರ್ ಆಗುತ್ತದೆ, ಅಂದರೆ ನಿಜವಾದ ಚಂದ್ರ ಇರುವ ದೂರದ ಮೂವತ್ತು ಪಟ್ಟಿಗೂ ಹೆಚ್ಚು.

ಪ್ರಶ್ನೆ: ಅಲ್ಲಿ ನೀರಿದೆ, ಮನುಷ್ಯ ವಾಸಿಸಬಹುದಾದ ಮೂರು ಭೂಮಿಗಳಿವೆ ಎಂದು ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಇದು ಎಷ್ಟರ ಮಟ್ಟಿಗೆ ನಿಜ?
— ಕಬ್ಬು ಬೆಳೆಗಾರ, ಮುಧೋಳ

ಉತ್ತರ: ನೀವು ನೋಡಿದ ವಿಡಿಯೋದಲ್ಲಿ ನಿಜದ ಒಂದು ತುಣುಕು ಇದೆ, ಉಳಿದದ್ದು ಹಿಗ್ಗಿಸಿದ್ದು. ನಾಲ್ಕು, ಐದು ಮತ್ತು ಆರನೆಯ ಗ್ರಹಗಳು ಆ ನಕ್ಷತ್ರದ ‘ವಾಸಯೋಗ್ಯ ವಲಯ’ದಲ್ಲಿವೆ. ಆ ಪದವನ್ನು ಕನ್ನಡಕ್ಕೆ ತಂದವರು ಸ್ವಲ್ಪ ಎಚ್ಚರ ವಹಿಸಬೇಕಿತ್ತು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅದರ ಅರ್ಥ ‘ವಾಸಿಸಲು ಯೋಗ್ಯ’ ಎಂದಲ್ಲ. ಆ ದೂರದಲ್ಲಿರುವ ಗ್ರಹಕ್ಕೆ ತಕ್ಕ ವಾತಾವರಣವೂ ನೀರೂ ಇದ್ದಲ್ಲಿ, ಆ ನೀರು ಪೂರ್ತಿ ಆವಿಯೂ ಆಗದೆ ಹೆಪ್ಪೂ ಗಟ್ಟದೆ ದ್ರವವಾಗಿ ಉಳಿಯುವಷ್ಟು ಬಿಸಿಲು ಬೀಳುತ್ತದೆ ಎಂದಷ್ಟೇ ಅದರ ಅರ್ಥ. ತಲೆಯ ಮೇಲೆ ಸಿಂಬಿ ಇದೆ ಎಂದಮಾತ್ರಕ್ಕೆ ಕೊಡವೂ ಇದೆ, ಕೊಡದ ತುಂಬ ನೀರೂ ಇದೆ ಎನ್ನಲಾಗುವುದಿಲ್ಲ.

ಈ ಲೆಕ್ಕದಲ್ಲಿ ನಿಜವಾದ ತೊಡಕು ವಾತಾವರಣದ್ದು. ಟ್ರಾಪಿಸ್ಟ್–1 ಮಂಕು ನಕ್ಷತ್ರ. ಸೂರ್ಯನ ಬೆಳಕಿನ ಸುಮಾರು 1,800ನೇ ಒಂದು ಪಾಲು ಮಾತ್ರ ಅದು ಸೂಸುತ್ತದೆ, ಹೀಗಾಗಿ ಬೆಚ್ಚಗಿರಲು ಗ್ರಹಗಳು ಅದಕ್ಕೆ ತೀರ ಹತ್ತಿರ ಕೂರಬೇಕಾಗುತ್ತದೆ. ಹತ್ತಿರ ಕೂತದ್ದಕ್ಕೆ ಎರಡು ದಂಡ ತೆರಬೇಕಾಗಿದೆ. ಮೊದಲನೆಯದು, ಇಂಥ ಕೆಂಪು ಕುಬ್ಜಗಳು ಆಗಾಗ ಸಿಡಿದು ಎಕ್ಸ್‌ರೇ ಮತ್ತು ಅತಿನೇರಳೆ ಕಿರಣಗಳನ್ನು ಕಾರುತ್ತವೆ, ಆ ಹೊಡೆತಕ್ಕೆ ಗ್ರಹದ ಗಾಳಿ ಕೋಟ್ಯಂತರ ವರ್ಷಗಳಲ್ಲಿ ಸವೆದುಹೋಗಬಹುದು. ಎರಡನೆಯದು, ಚಂದ್ರ ನಮಗೆ ಒಂದೇ ಮುಖ ತೋರುವಂತೆ ಈ ಗ್ರಹಗಳೂ ನಕ್ಷತ್ರಕ್ಕೆ ಒಂದೇ ಮುಖ ತೋರುತ್ತಿರುವ ಸಂಭವ ಹೆಚ್ಚು, ಅಂದರೆ ಒಂದು ಮಗ್ಗುಲಿಗೆ ಸದಾ ಹಗಲು, ಇನ್ನೊಂದಕ್ಕೆ ಸದಾ ರಾತ್ರಿ. ದಪ್ಪನೆಯ ಗಾಳಿ ಇದ್ದು ಹಗಲಿನ ಬಿಸಿಯನ್ನು ಇರುಳಿಗೆ ಒಯ್ದರೆ ಮಾತ್ರ ಎರಡೂ ಕಡೆ ಸಮವಾದೀತು.

ಜೇಮ್ಸ್ ವೆಬ್ ಎಂಬ ಬಾಹ್ಯಾಕಾಶ ದೂರದರ್ಶಕ ನೋಡಿದ್ದು ಇದನ್ನೇ. ಮೊದಲ ಗ್ರಹ ನಕ್ಷತ್ರದ ಹಿಂದೆ ಮರೆಯಾಗುವ ಮುನ್ನ ಬರುವ ಒಟ್ಟು ಶಾಖವನ್ನೂ, ಮರೆಯಾದ ಮೇಲೆ ಬರುವ ಶಾಖವನ್ನೂ ಅಳೆದು ಒಂದರಿಂದ ಒಂದನ್ನು ಕಳೆದರೆ ಗ್ರಹದ ಶಾಖವಷ್ಟೇ ಉಳಿಯುತ್ತದೆ. 2023ರಲ್ಲಿ ಪ್ರಕಟವಾದ ಈ ಲೆಕ್ಕದ ಪ್ರಕಾರ ಅದರ ಹಗಲಿನ ಮಗ್ಗುಲು ಸುಮಾರು 230 ಡಿಗ್ರಿ ಸೆಲ್ಸಿಯಸ್, ರೊಟ್ಟಿ ಬಡಿದು ಹಾಕುವ ಹಂಚು ಕಾದಷ್ಟು. ಇಷ್ಟು ಬಿಸಿ ಒಂದೇ ಮಗ್ಗುಲಿಗೆ ಉಳಿದಿದೆ ಎಂದರೆ ಬಿಸಿಯನ್ನು ಹೊತ್ತು ಒಯ್ಯುವ ಗಾಳಿ ಅಲ್ಲಿಲ್ಲ, ಬರಿಗಲ್ಲು ಎಂದೇ ಅರ್ಥವಾಗುತ್ತದೆ. ಎರಡನೆಯ ಗ್ರಹ ಸುಮಾರು 107 ಡಿಗ್ರಿ, ಅಲ್ಲಿಯೂ ಶುಕ್ರಗ್ರಹದಂಥ ದಪ್ಪ ಇಂಗಾಲದ ಡೈಆಕ್ಸೈಡ್ ಹೊದಿಕೆ ಕಾಣಲಿಲ್ಲ. ಮೂರನೆಯದರಲ್ಲಿ ಭೂಮಿಯಂಥ ವಾತಾವರಣದ ಗುರುತು ಇಲ್ಲವೆಂದು 2025ರಲ್ಲಿ ತಿಳಿಯಿತು.

ಈಗ ಎಲ್ಲರ ಕಣ್ಣಿರುವುದು ನಾಲ್ಕನೆಯದರ ಮೇಲೆ. ಅಗಲದಲ್ಲಿ ಭೂಮಿಯ ಶೇಕಡಾ 92, ತೂಕದಲ್ಲಿ ಶೇಕಡಾ 69, ಬೀಳುವ ಬಿಸಿಲು ನಮಗೆ ಬೀಳುವುದರ ಮೂರನೇ ಎರಡು ಪಾಲು. ವೆಬ್ ಅದರ ನಾಲ್ಕು ಸಂಕ್ರಮಣಗಳನ್ನು ನೋಡಿದ ಫಲಿತಾಂಶ 2025ರ ಸೆಪ್ಟೆಂಬರಿನಲ್ಲಿ ಬಂತು. ಹುಟ್ಟಿನಿಂದ ಬಂದ ಹೈಡ್ರೋಜನ್ ಹೊದಿಕೆ ಅದಕ್ಕಿಲ್ಲ ಎಂಬುದು ಸ್ಪಷ್ಟವಾಯಿತು, ಅದಕ್ಕಿಂತ ಭಾರದ ಗಾಳಿ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಲಿಲ್ಲ. ತೀರ್ಮಾನವಾಗದಿರುವುದಕ್ಕೆ ಕಾರಣ ಸ್ವಾರಸ್ಯವಾಗಿದೆ. ಗ್ರಹದ ಅಂಚಿನ ಗಾಳಿಯನ್ನು ತೂರಿ ಬಂದ ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ, ಯಾವ ಅನಿಲ ಯಾವ ಬಣ್ಣವನ್ನು ನುಂಗಿದೆ ಎಂದು ತಿಳಿಯುತ್ತದೆ. ಆದರೆ ಈ ನಕ್ಷತ್ರ ಎಷ್ಟು ತಣ್ಣಗಿದೆ ಎಂದರೆ, ಅದರ ಮೇಲ್ಮೈ ಸುಮಾರು 2,300 ಡಿಗ್ರಿ ಮಾತ್ರ ಇರುವುದರಿಂದ, ನಕ್ಷತ್ರದ ಮೈಮೇಲೆಯೇ ನೀರಾವಿಯ ಅಣುಗಳು ಒಡೆಯದೆ ಉಳಿದಿರುತ್ತವೆ. ಹೀಗಾಗಿ ನೀರಿನ ಗುರುತು ಕಂಡರೂ ಅದು ಗ್ರಹದ ಗಾಳಿಯದ್ದೋ ನಕ್ಷತ್ರದ ಕಲೆಯದ್ದೋ ಎಂದು ಬಿಡಿಸಬೇಕಾಗುತ್ತದೆ. ಇದಕ್ಕೊಂದು ಉಪಾಯ ಹುಡುಕಿದ್ದಾರೆ. ಮೊದಲ ಗ್ರಹ ಬರಿಗಲ್ಲೆಂದು ಗೊತ್ತಾಗಿದೆಯಷ್ಟೆ, ಅದೂ ನಾಲ್ಕನೆಯದೂ ಒಂದರ ಬೆನ್ನಿಗೆ ಒಂದು ನಕ್ಷತ್ರವನ್ನು ದಾಟುವ ಹೊತ್ತನ್ನೇ ಆರಿಸಿ ಎರಡನ್ನೂ ನೋಡುತ್ತಾರೆ. ಬರಿಗಲ್ಲು ದಾಟುವಾಗ ಕಂಡ ಗುರುತೆಲ್ಲ ನಕ್ಷತ್ರದ್ದೇ ಆಗಿರಬೇಕು, ಅದನ್ನು ನಾಲ್ಕನೆಯದರಿಂದ ಕಳೆದರೆ ಉಳಿದದ್ದು ಗಾಳಿಯ ಲೆಕ್ಕ. ತಕ್ಕಡಿಯ ಖಾಲಿ ತಟ್ಟೆಯನ್ನು ಮೊದಲು ತೂಗಿಕೊಳ್ಳುವುದು ನಿಮಗೆ ಹೊಸದಲ್ಲ.

ಪ್ರಶ್ನೆ: ರಾಕೆಟಿನಲ್ಲಿ ಹೊರಟರೆ ಅಲ್ಲಿಗೆ ಎಷ್ಟು ವರ್ಷದಲ್ಲಿ ಮುಟ್ಟಬಹುದು?
— ಏಳನೇ ತರಗತಿಯ ವಿದ್ಯಾರ್ಥಿ, ಸಿಂದಗಿ

ಉತ್ತರ: 1977ರಲ್ಲಿ ಹೊರಟ ವಾಯೇಜರ್–1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸೌರವ್ಯೂಹದಿಂದ ಆಚೆಗೆ ಸಾಗುತ್ತಿದೆ. ಅದೇ ವೇಗದಲ್ಲಿ ಟ್ರಾಪಿಸ್ಟ್–1ರ ಕಡೆಗೆ ಹೊರಟರೆ ಏಳು ಲಕ್ಷ ವರ್ಷ ಬೇಕು.

ಪ್ರಶ್ನೆ: ಅಲ್ಲಿ ನಿಂತರೆ ಆಕಾಶ ಹೇಗೆ ಕಾಣಬಹುದು? ಮಗಳು ಕೇಳುತ್ತಿದ್ದಾಳೆ, ಅಲ್ಲಿ ಹುಟ್ಟುಹಬ್ಬ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದೂ ಕೇಳುತ್ತಾಳೆ.
— ಗೃಹಿಣಿ, ಗೋಕಾಕ

ಉತ್ತರ: ಹುಟ್ಟುಹಬ್ಬದ ಲೆಕ್ಕ ಸುಲಭ. ಮೊದಲ ಗ್ರಹದಲ್ಲಿ ಸೋಮವಾರ ಬೆಳಗ್ಗೆ ಆರಕ್ಕೆ ವರ್ಷ ಶುರುವಾದರೆ ಮಂಗಳವಾರ ಸಂಜೆ ಆರೂಕಾಲಕ್ಕೆ ಮುಗಿಯುತ್ತದೆ. ನಾಲ್ಕನೆಯದರಲ್ಲಿ ಆರು ದಿನಕ್ಕೊಂದು ಹುಟ್ಟುಹಬ್ಬ. ಹೋಳಿಗೆ ಮಾಡಿ ನಿಮ್ಮ ಕೈ ಸೋತೀತು.

ಆಕಾಶದ ಲೆಕ್ಕ ಇನ್ನೂ ಚೆನ್ನಾಗಿದೆ. ನಾಲ್ಕನೆಯ ಗ್ರಹದ ಹಗಲಿನ ಮಗ್ಗುಲಲ್ಲಿ ನಿಂತರೆ ನಕ್ಷತ್ರ ನಮ್ಮ ಸೂರ್ಯನಿಗಿಂತ ನಾಲ್ಕು ಪಟ್ಟು ಅಗಲವಾಗಿ, ಒಲೆಯ ಕೆಂಡದ ಬಣ್ಣದ ಕಡೆಗೆ ವಾಲಿ ಕಾಣುತ್ತದೆ. ಗ್ರಹ ಒಂದೇ ಮುಖ ತೋರುತ್ತಿರುವುದು ನಿಜವಾದರೆ ಅದು ಏಳುವುದೂ ಇಲ್ಲ ಮುಳುಗುವುದೂ ಇಲ್ಲ, ಇದ್ದಲ್ಲೇ ಇರುತ್ತದೆ. ಬೆಳಕಿನ ಹೆಚ್ಚಿನ ಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣವಾದ್ದರಿಂದ ನಡುಹಗಲೂ ಮುಸ್ಸಂಜೆಯ ಹಾಗೆ ಇರುತ್ತದೆ, ಆದರೆ ಮೈಗೆ ಕಾವು ತಟ್ಟುತ್ತದೆ. ಪಕ್ಕದ ಗ್ರಹಗಳು ತೀರ ಹತ್ತಿರ ಬಂದಾಗ, ಅಂದರೆ ಹತ್ತು ಹದಿನಾಲ್ಕು ಲಕ್ಷ ಕಿಲೋಮೀಟರಿನಷ್ಟು ದೂರಕ್ಕೆ, ನಮ್ಮ ಹುಣ್ಣಿಮೆ ಚಂದ್ರನಷ್ಟೇ ಅಗಲವಾಗಿ ಕಾಣುತ್ತವೆ. ಅದು ಚಂದ್ರನಲ್ಲ, ಭೂಮಿಯಷ್ಟು ದೊಡ್ಡ ಇನ್ನೊಂದು ಲೋಕ ಎಂಬುದನ್ನು ಮಗಳಿಗೆ ನೆನಪಿಸಿ.

ಪ್ರಶ್ನೆ: ಈ ಗ್ರಹಗಳಿಗೆ ನಮ್ಮ ಭಾಷೆಯ ಹೆಸರು ಇಡಬಾರದೇ? ನಮ್ಮ ಜಿಲ್ಲೆಯವರೆನ್ನಲಾದ ಭಾಸ್ಕರಾಚಾರ್ಯರಿಗೆ ಇಂಥ ಗ್ರಹಗಳ ವಿಷಯ ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಸತ್ಯವೇ?
— ನಿವೃತ್ತ ಬ್ಯಾಂಕ್ ನೌಕರ, ವಿಜಯಪುರ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಗೊತ್ತಿರಲಿಲ್ಲ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ತಮ್ಮ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಬರೆದಿದ್ದಾರೆ. ಅದು ವಿಜಯಪುರವೆಂದು ಕೆಲವರು, ಮಹಾರಾಷ್ಟ್ರದ ಪಾಟಣದ ಬಳಿ ಎಂದು ಮತ್ತೆ ಕೆಲವರು ಹೇಳುತ್ತಾರೆ, ವಾದ ಇನ್ನೂ ಮುಗಿದಿಲ್ಲ. ತಮ್ಮ 36ನೆಯ ವಯಸ್ಸಿನಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯಲ್ಲಿ ಅವರು ಸೂರ್ಯ ಚಂದ್ರರ ಬಿಂಬಗಳ ಗಾತ್ರ ಮತ್ತು ದೂರದಿಂದ ಗ್ರಹಣದ ಹೊತ್ತನ್ನು ಲೆಕ್ಕ ಹಾಕುವ ಕ್ರಮವನ್ನು ವಿವರಿಸಿದ್ದಾರೆ. ಹೊರಗ್ರಹದ ಸಂಕ್ರಮಣವೂ ಒಂದು ಪುಟಾಣಿ ಗ್ರಹಣವೇ ಆದ್ದರಿಂದ, ಆ ಲೆಕ್ಕದ ರೀತಿ ಅವರಿಗೆ ಅಪರಿಚಿತ ಎನಿಸುತ್ತಿರಲಿಲ್ಲ ಎಂದು ಹೇಳಬಹುದು. ಅದಕ್ಕಿಂತ ಮುಂದೆ ಹೋಗಿ ಅವರು ಹೇಳದ್ದನ್ನು ಅವರ ಬಾಯಿಗೆ ತುರುಕುವುದು ಅಷ್ಟು ಲೆಕ್ಕಾಚಾರದ ಮನುಷ್ಯನಿಗೆ ಮಾಡುವ ಗೌರವವಲ್ಲ.

ಹೆಸರಿನ ವಿಷಯದಲ್ಲಿ ನಿಮ್ಮ ಆಸೆ ಬೇರೊಂದು ನಕ್ಷತ್ರದಲ್ಲಿ ಈಗಾಗಲೇ ಫಲಿಸಿದೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2019ರಲ್ಲಿ ಪ್ರತಿ ದೇಶಕ್ಕೆ ಒಂದು ನಕ್ಷತ್ರ ಮತ್ತು ಅದರ ಗ್ರಹಕ್ಕೆ ಹೆಸರಿಡುವ ಅವಕಾಶ ಕೊಟ್ಟಾಗ, ಭಾರತದ ಪಾಲಿಗೆ ಸುಮಾರು 340 ಜ್ಯೋತಿರ್ವರ್ಷ ದೂರದ ಎಚ್‌ಡಿ 86081 ಬಂತು. ವಿಶ್ವಕಿರಣಗಳ ಸಂಶೋಧನೆಯಲ್ಲಿ ದುಡಿದ ಬಿಭಾ ಚೌಧುರಿ ಅವರ ನೆನಪಿಗೆ ಆ ನಕ್ಷತ್ರಕ್ಕೆ ‘ಬಿಭಾ’ ಎಂದೂ, ಎರಡು ದಿನಕ್ಕೊಂದು ಸುತ್ತು ಹಾಕುವ ಅದರ ಬಿಸಿ ಅನಿಲ ಗ್ರಹಕ್ಕೆ ‘ಸಂತಮಸ’ ಎಂದೂ ಹೆಸರಾಯಿತು. ನಮ್ಮ ‘ವಿಭೆ’ಯೇ ಬಂಗಾಳಿಯಲ್ಲಿ ಬಿಭಾ, ಎಂದರೆ ಬೆಳಕು. ಸಂತಮಸ ಎಂದರೆ ಸುತ್ತಲೂ ಕವಿದ ಕತ್ತಲೆ, ಹಳಗನ್ನಡ ಓದಿದವರಿಗೆ ಹೊಸ ಪದವೇನಲ್ಲ. ಟ್ರಾಪಿಸ್ಟ್–1ರ ಗ್ರಹಗಳಿಗೆ ಮಾತ್ರ ಇನ್ನೂ ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂಬ ಅಕ್ಷರಗಳೇ ಹೆಸರು. ‘ಎ’ ಅಕ್ಷರ ನಕ್ಷತ್ರಕ್ಕೆ ಸೇರಿದ್ದೆಂದು ಬಿಟ್ಟಿರುತ್ತಾರೆ.

ಪ್ರಶ್ನೆ: ನಮ್ಮ ಮಾಳಿಗೆಯ ಮೇಲಿನಿಂದ ಈ ನಕ್ಷತ್ರ ಕಾಣುತ್ತದೆಯೇ? ಯಾವ ದಿಕ್ಕಿಗೆ ನೋಡಬೇಕು?
— ಪಿಯುಸಿ ವಿದ್ಯಾರ್ಥಿನಿ, ಇಂಡಿ

ಉತ್ತರ: ನಕ್ಷತ್ರ ಕಾಣುವುದಿಲ್ಲ. ಬರಿಗಣ್ಣಿಗೆ ಕಷ್ಟಪಟ್ಟು ಕಾಣುವ ನಕ್ಷತ್ರಕ್ಕಿಂತಲೂ ಅದು ಲಕ್ಷ ಪಟ್ಟಿಗಿಂತ ಹೆಚ್ಚು ಮಂಕು. ಆದರೆ ಅದು ಇರುವ ಜಾಗವನ್ನು ನೀವು ಬೆರಳು ಮಾಡಿ ತೋರಿಸಬಹುದು. ಅದಿರುವುದು ಕುಂಭ ರಾಶಿಯಲ್ಲಿ, ಮತ್ತು ನಿಮ್ಮ ಊರಿನಿಂದ ಅದನ್ನು ಗುರುತಿಸುವುದು ಬಹಳ ಸಲೀಸು.

ನವೆಂಬರ್ ಮೊದಲ ವಾರ ರಾತ್ರಿ ಒಂಬತ್ತರ ಸುಮಾರಿಗೆ ಮಾಳಿಗೆಯ ಮೇಲೆ ತಲೆ ಉತ್ತರಕ್ಕೂ ಕಾಲು ದಕ್ಷಿಣಕ್ಕೂ ಮಾಡಿ ಅಂಗಾತ ಮಲಗಿರಿ. (ಉತ್ತರಕ್ಕೆ ತಲೆ ಹಾಕಬಾರದೆಂದು ಮನೆಯಲ್ಲಿ ಬೈದರೆ ಹತ್ತು ನಿಮಿಷದ ವಿನಾಯಿತಿ ಕೇಳಿಕೊಳ್ಳಿ.) ನೆತ್ತಿಯ ಮೇಲೆ ನಾಲ್ಕು ನಕ್ಷತ್ರಗಳ ಒಂದು ದೊಡ್ಡ ಚೌಕ ಕಾಣುತ್ತದೆ. ಅದರ ಪಡುವಣ ಅಂಚಿನ ಎರಡು ನಕ್ಷತ್ರಗಳೇ ನಮ್ಮ ಪಂಚಾಂಗದ ಪೂರ್ವಾಭಾದ್ರ. ಅವೆರಡರಲ್ಲಿ ದಕ್ಷಿಣದ್ದು ಸರಿಯಾಗಿ ನಿಮ್ಮ ನೆತ್ತಿಗೇ ಬಂದಿರುತ್ತದೆ. ಅಲ್ಲಿಂದ ನೇರವಾಗಿ ಕಾಲಿನ ಕಡೆಗೆ ಕಣ್ಣು ಇಳಿಸುತ್ತ ಹೋದರೆ, ದಕ್ಷಿಣದಲ್ಲಿ ಆಕಾಶದ ಅರ್ಧ ಎತ್ತರಕ್ಕೆ, ಸುತ್ತಮುತ್ತ ಬೇರೆ ಹೊಳೆಯುವ ನಕ್ಷತ್ರವಿಲ್ಲದ ಕಡೆ ಒಂಟಿಯಾಗಿ ಬೆಳಗುತ್ತಿರುವ ಫೋಮಲ್‌ಹಾಟ್ ಸಿಗುತ್ತದೆ. ನೆತ್ತಿಯ ನಕ್ಷತ್ರಕ್ಕೂ ಇದಕ್ಕೂ ಮನಸ್ಸಿನಲ್ಲೇ ಒಂದು ದಾರ ಕಟ್ಟಿ, ಕೈ ಚಾಚಿ, ಆ ದಾರದ ನಟ್ಟನಡುವಿಗಿಂತ ಒಂದು ಬೆರಳಿನ ಅಗಲದಷ್ಟು ಮೇಲಕ್ಕೆ ಬೆರಳು ಇಡಿ. ಟ್ರಾಪಿಸ್ಟ್–1 ಅಲ್ಲಿಯೇ ಇದೆ.

ಬೆಳದಿಂಗಳಿಲ್ಲದ ರಾತ್ರಿಯನ್ನು ಆರಿಸಿಕೊಳ್ಳಿ. ದೀಪಾವಳಿಯ ಅಮಾವಾಸ್ಯೆ ಬಹುತೇಕ ಇದೇ ಹೊತ್ತಿಗೆ ಬರುತ್ತದೆ, ಆದರೆ ಅಂದು ಪಟಾಕಿಯ ಹೊಗೆ ಫೋಮಲ್‌ಹಾಟನ್ನೂ ನುಂಗಿರುತ್ತದೆ. ಹಬ್ಬ ಮುಗಿದು ಎರಡು ಮೂರು ದಿನ ಕಳೆದ ಮೇಲೆ, ಬಿದಿಗೆ ತದಿಗೆಯ ಚಂದ್ರ ಬೇಗ ಮುಳುಗಿದ ರಾತ್ರಿ ಮಾಳಿಗೆ ಹತ್ತಿ.